ಪದವಿ ತರಗತಿಗೂ ಬೇಕು ಗಣಿತದ ಸೇತುಬಂಧ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಪದವಿ ತರಗತಿಗೆ ಸೇರುವ ವಿದ್ಯಾರ್ಥಿಗಳಲ್ಲಿ ಹಲವರು ಗಣಿತವನ್ನು ಒಂದಲ್ಲ ಒಂದು ಹೆಸರಿನಲ್ಲಿ ಮತ್ತೆ ಎದುರಿಸಬೇಕಾಗುತ್ತದೆ. ಬಿ.ಎಸ್ಸಿ. ವಿದ್ಯಾರ್ಥಿಗೆ ಅದು ಕಲನಶಾಸ್ತ್ರವಾಗಿ, ಅಂದರೆ ಒಂದು ಪರಿಮಾಣ ಬದಲಾಗುವ ದರವನ್ನೂ ಆ ಬದಲಾವಣೆಗಳ ಒಟ್ಟು ಮೊತ್ತವನ್ನೂ ಕಂಡುಹಿಡಿಯುವ ಶಾಸ್ತ್ರವಾಗಿ ಬರುತ್ತದೆ, ಬಿ.ಕಾಂ. ವಿದ್ಯಾರ್ಥಿಗೆ ವ್ಯವಹಾರ ಗಣಿತ ಮತ್ತು ಸಂಖ್ಯಾಶಾಸ್ತ್ರವಾಗಿ, ಬಿಸಿಎ ವಿದ್ಯಾರ್ಥಿಗೆ ಗಣಗಳು, ತರ್ಕ, ಮಾತೃಕೆಗಳಾಗಿ, ಅರ್ಥಶಾಸ್ತ್ರ ಓದುವ ಬಿ.ಎ. ವಿದ್ಯಾರ್ಥಿಗೆ ನಕ್ಷೆ ಮತ್ತು ಸೂಚ್ಯಂಕಗಳಾಗಿ ಎದುರಾಗುತ್ತದೆ. ಕೊಳ್ಳೇಗಾಲದ ಶ್ರೀ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂತಹ ಸಂಸ್ಥೆಗಳನ್ನು ಸೇರುವ ಈ ವಿದ್ಯಾರ್ಥಿಗಳಿಗೆ ಮೊದಲ ಸೆಮಿಸ್ಟರಿನ ಪಠ್ಯಕ್ರಮ ಪಿಯುಸಿಯ ಗಣಿತ ಕೈವಶವಾಗಿದೆ ಎಂದು ಭಾವಿಸಿಯೇ ಆರಂಭವಾಗುತ್ತದೆ. ವಾಸ್ತವದಲ್ಲಿ ಆ ಭಾವನೆ ನಿಜವಾಗಿರುವುದಿಲ್ಲ, ಮತ್ತು ಆ ಅಂತರವನ್ನು ತುಂಬುವ ಹೊಣೆ ಯಾರದೆಂಬುದು ವೇಳಾಪಟ್ಟಿಯಲ್ಲಿ ಎಲ್ಲಿಯೂ ನಮೂದಾಗಿರುವುದಿಲ್ಲ.

ಈ ಅಂತರ ಕೇವಲ ಒಂದು ಪ್ರದೇಶದ ಸಮಸ್ಯೆಯಲ್ಲ. ಭಾರತದ ಗ್ರಾಮೀಣ ಭಾಗದ 14ರಿಂದ 18 ವರ್ಷದವರ ಕಲಿಕೆಯನ್ನು ಅಳೆದ ‘ಅಸರ್’ 2023ರ ಸಮೀಕ್ಷೆಯು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕವನ್ನು ಸರಿಯಾಗಿ ಮಾಡಬಲ್ಲವರು ಶೇ 43.3ರಷ್ಟು ಮಾತ್ರ ಎಂದು ತೋರಿಸಿತು. ಚಾಮರಾಜನಗರ ಜಿಲ್ಲೆಯಲ್ಲಿ ಇದಕ್ಕೆ ಚರಿತ್ರೆಯ ಹೊರೆಯೂ ಸೇರಿಕೊಂಡಿದೆ: 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತಾ ಪ್ರಮಾಣ ಶೇ 75.36 ಇದ್ದಾಗ ಈ ಜಿಲ್ಲೆಯದು ಶೇ 61.43 ಆಗಿತ್ತು. ಆ ಗಣತಿಯ ಕಾಲದ ಅನೇಕ ಮನೆಗಳಿಂದ ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಗಳು ಇಂದು ಕಾಲೇಜಿಗೆ ಬರುತ್ತಿದ್ದಾರೆ, ಮತ್ತು ಮನೆಯಲ್ಲಿ ಲೆಕ್ಕ ಹೇಳಿಕೊಡುವವರಿಲ್ಲದ ಅವರಿಗೆ ತರಗತಿಯಲ್ಲಿ ತಪ್ಪಿಹೋದದ್ದನ್ನು ಬೇರೆಲ್ಲಿಯೂ ಪಡೆಯುವ ಅವಕಾಶವಿರುವುದಿಲ್ಲ.

ಹಿಂದುಳಿದಿರುವಿಕೆಯ ಸ್ವರೂಪವನ್ನು ಸ್ಪಷ್ಟವಾಗಿ ಅರಿತರೆ ಮಾತ್ರ ಪರಿಹಾರದ ಸ್ವರೂಪ ತಿಳಿಯುತ್ತದೆ. ಗಣಿತದ ಪ್ರತಿಯೊಂದು ಪಾಠವೂ ಅದಕ್ಕೆ ಹಿಂದಿನ ಹಲವು ಪಾಠಗಳ ಮೇಲೆ ನಿಂತಿರುತ್ತದೆ. x ಎಂಬ ಚರಾಕ್ಷರವು 3ನ್ನು ಸಮೀಪಿಸಿದಾಗ (x²−9)/(x−3) ಎಂಬ ಉಕ್ತಿಯ ಪರಿಮಿತಿ ಎಷ್ಟು ಎಂಬ ಪ್ರಶ್ನೆಗೆ ಉತ್ತರ 6. ಆದರೆ ಈ ಉತ್ತರಕ್ಕೆ ತಲುಪಬೇಕಾದರೆ x²−9 ಎಂಬುದನ್ನು (x−3)(x+3) ಎಂದು ಅಪವರ್ತಿಸಲು ತಿಳಿದಿರಬೇಕು, ಭಿನ್ನರಾಶಿಯ ಅಂಶ ಮತ್ತು ಛೇದಗಳಲ್ಲಿರುವ ಸಮಾನ ಅಪವರ್ತನವನ್ನು ಯಾವಾಗ ತೆಗೆದುಹಾಕಬಹುದು ಎಂಬುದು ಗೊತ್ತಿರಬೇಕು. ಈ ಎರಡೂ ಪ್ರೌಢಶಾಲೆಯ ಗಣಿತ. ಉತ್ತರ ತಪ್ಪಿದ ವಿದ್ಯಾರ್ಥಿಗೆ ಪರಿಮಿತಿಯ ಕಲ್ಪನೆಯೇ ಅರ್ಥವಾಗಿಲ್ಲವೆಂದು ಅಧ್ಯಾಪಕರು ಭಾವಿಸಿ ಅದನ್ನೇ ಮತ್ತೊಮ್ಮೆ ವಿವರಿಸಿದರೆ, ನಿಜವಾದ ಕೊರತೆ ಇದ್ದ ಅಪವರ್ತನದ ಪಾಠ ಹಾಗೆಯೇ ಉಳಿದುಬಿಡುತ್ತದೆ. ವಾಣಿಜ್ಯ ವಿದ್ಯಾರ್ಥಿಗಳ ಸ್ಥಿತಿ ಇದಕ್ಕಿಂತ ಕಠಿಣ, ಏಕೆಂದರೆ ಪಿಯುಸಿಯಲ್ಲಿ ಗಣಿತವಿಲ್ಲದ ವಿಷಯಗುಚ್ಛವನ್ನು ಆಯ್ದುಕೊಂಡವರು ಹತ್ತನೇ ತರಗತಿಯ ನಂತರ ಎರಡು ವರ್ಷ ಗಣಿತದ ಪುಸ್ತಕವನ್ನು ತೆರೆದೇ ಇರುವುದಿಲ್ಲ. ಕೊಳ್ಳೇಗಾಲದ ಅಂಗಡಿಯೊಂದರಲ್ಲಿ 10,000 ರೂಪಾಯಿಯ ರೇಷ್ಮೆ ಸೀರೆಯ ಬೆಲೆಯನ್ನು ಮೊದಲು ಶೇ 20ರಷ್ಟು ಏರಿಸಿ ಆಮೇಲೆ ಶೇ 20ರಷ್ಟು ರಿಯಾಯಿತಿ ಕೊಟ್ಟರೆ ಬೆಲೆ ಮೊದಲಿನಷ್ಟೇ ಆಗುತ್ತದೆಂದು ಹೇಳುವ ವಿದ್ಯಾರ್ಥಿ, ಶೇಕಡಾವಾರು ಯಾವ ಮೊತ್ತದ ಮೇಲೆ ಎಂಬುದನ್ನು ಗಮನಿಸಿಲ್ಲ. ಏರಿಕೆ 10,000ದ ಮೇಲೆ, ರಿಯಾಯಿತಿ 12,000ದ ಮೇಲೆ ಆಗುವುದರಿಂದ ಕೊನೆಯ ಬೆಲೆ 9,600 ರೂಪಾಯಿ. ಈ ಒಂದು ಎಳೆ ಹಿಡಿತಕ್ಕೆ ಬರದಿದ್ದರೆ ಚಕ್ರಬಡ್ಡಿ, ಸವಕಳಿ, ತೆರಿಗೆ ಲೆಕ್ಕ ಯಾವುದೂ ಹಿಡಿತಕ್ಕೆ ಬರುವುದಿಲ್ಲ.

ಕರ್ನಾಟಕದ ಶಾಲೆಗಳಿಗೆ ಈ ಸಮಸ್ಯೆಯ ಪರಿಹಾರ ಹೊಸದಲ್ಲ. ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮದಲ್ಲಿ, ಹಿಂದಿನ ತರಗತಿಯ ಯಾವ ಸಾಮರ್ಥ್ಯ ಮಗುವಿನಲ್ಲಿ ಇಲ್ಲವೆಂದು ಕಂಡುಹಿಡಿಯುವ ನೈದಾನಿಕ ಪರೀಕ್ಷೆ, ಆ ಸಾಮರ್ಥ್ಯಕ್ಕಾಗಿ ಕೆಲವು ದಿನಗಳ ಬೋಧನೆ, ಕೊನೆಗೆ ಕಲಿಕೆ ಆಯಿತೇ ಎಂದು ನೋಡುವ ಸಾಫಲ್ಯ ಪರೀಕ್ಷೆ ಎಂಬ ಮೂರು ಹಂತಗಳಿವೆ. ಉನ್ನತ ಶಿಕ್ಷಣದಲ್ಲಿಯೂ ಇದಕ್ಕೆ ಮಾದರಿಯುಂಟು. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರುವವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಕಡ್ಡಾಯಗೊಳಿಸಿತ್ತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಎಂಜಿನಿಯರಿಂಗ್ ಪ್ರವೇಶದ ವಿಷಯ ನಿಯಮಗಳನ್ನು ಸಡಿಲಿಸಿದಾಗ, ವಿವಿಧ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಗಣಿತ ಮುಂತಾದ ವಿಷಯಗಳಲ್ಲಿ ಸೇತುಬಂಧ ಕೋರ್ಸುಗಳನ್ನು ವಿಶ್ವವಿದ್ಯಾಲಯಗಳೇ ಒದಗಿಸಬೇಕೆಂದು ಸೂಚಿಸಿತು. ಕಲೆ, ವಾಣಿಜ್ಯ, ವಿಜ್ಞಾನದ ಸಾಮಾನ್ಯ ಪದವಿ ಕಾಲೇಜುಗಳಲ್ಲಿಯೂ ಇದೇ ವ್ಯವಸ್ಥೆ ಬೇಕು, ಮತ್ತು ಒಬ್ಬ ಅಧ್ಯಾಪಕರ ಮುಂದೆ ಹಲವು ಮಟ್ಟದ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತಿರುವ ಕಡೆ ಅದನ್ನು ಸಾಧ್ಯವಾಗಿಸುವ ಉಪಕರಣವೆಂದರೆ ಆನ್‌ಲೈನ್ ಕೋರ್ಸು.

ಆನ್‌ಲೈನ್ ಕೋರ್ಸು ಎಂದೊಡನೆ ವಿಡಿಯೊ ಪಾಠದ ಚಿತ್ರ ಕಣ್ಮುಂದೆ ಬರುವುದು ಸಹಜವಾದರೂ, ಗಣಿತದ ಮಟ್ಟಿಗೆ ವಿಡಿಯೊ ಅದರ ಚಿಕ್ಕ ಭಾಗ. ಅದರ ನಿಜವಾದ ಶಕ್ತಿ ಇರುವುದು ಎರಡು ಕೆಲಸಗಳಲ್ಲಿ. ಮೊದಲನೆಯದು ಹೊಂದಿಕೊಳ್ಳುವ ಪರೀಕ್ಷೆ: ವಿದ್ಯಾರ್ಥಿ ಒಂದು ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಆ ಪ್ರಶ್ನೆಗೆ ಆಧಾರವಾದ ಹಿಂದಿನ ಪಾಠದ ಪ್ರಶ್ನೆ ಬರುತ್ತದೆ, ಹೀಗೆ ಕೆಲವೇ ಪ್ರಶ್ನೆಗಳಲ್ಲಿ ಆ ವಿದ್ಯಾರ್ಥಿಗೆ ತಿಳಿದಿರುವುದರ ಗಡಿ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಇದರ ಹಿಂದೆ ಗಣಿತಜ್ಞ ಜಾನ್-ಪಾಲ್ ದ್ವಾನ್ಯೋಂ ಮತ್ತು ಮನೋವಿಜ್ಞಾನಿ ಜಾನ್-ಕ್ಲೋಡ್ ಫಾಲ್ಮಾನ್ಯ 1985ರಲ್ಲಿ ಮುಂದಿಟ್ಟ ‘ಜ್ಞಾನ ಅವಕಾಶ’ದ ಸಿದ್ಧಾಂತವಿದೆ, ಯಾವ ಪಾಠ ಯಾವ ಪಾಠದ ಮೇಲೆ ನಿಂತಿದೆ ಎಂಬ ಸಂಬಂಧಗಳ ಜಾಲವನ್ನು ಅದು ಗಣಿತದ ಭಾಷೆಯಲ್ಲಿ ವಿವರಿಸುತ್ತದೆ. ಎರಡನೆಯದು ತಕ್ಷಣದ ತಿದ್ದುಪಡಿ: ಬ್ರಿಟನ್ನಿನಲ್ಲಿ ಕ್ರಿಸ್ ಸ್ಯಾಂಗ್ವಿನ್ 2004ರಲ್ಲಿ ಆರಂಭಿಸಿದ ‘ಸ್ಟ್ಯಾಕ್’ ಎಂಬ ಉಚಿತ ತಂತ್ರಾಂಶವು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿರೆಂದು ಕೇಳುವ ಬದಲು, ವಿದ್ಯಾರ್ಥಿಯೇ ಬರೆದ ಬೀಜಗಣಿತದ ಉಕ್ತಿಯನ್ನು ಪರಿಶೀಲಿಸಿ, (a+b)² ಎಂಬುದನ್ನು a²+b² ಎಂದು ಬರೆದಿದ್ದರೆ ಎರಡರ ನಡುವೆ 2ab ಬಿಟ್ಟುಹೋಗಿದೆ ಎಂದು ಆ ಕ್ಷಣವೇ ತೋರಿಸುವಂತೆ ಪ್ರಶ್ನೆಗಳನ್ನು ರಚಿಸಲು ಅನುವು ಮಾಡಿಕೊಡುತ್ತದೆ. ಸಂಖ್ಯೆಗಳನ್ನು ಬದಲಾಯಿಸಿ ಒಂದೇ ಬಗೆಯ ಪ್ರಶ್ನೆಯನ್ನು ಬೇಕಾದಷ್ಟು ಬಾರಿ ಅದು ಕೊಡಬಲ್ಲದು. ಕೀನ್ಯಾದ ಮಸೇನೊ ವಿಶ್ವವಿದ್ಯಾಲಯ ದೊಡ್ಡ ತರಗತಿಗಳ ಗಣಿತ ಅಭ್ಯಾಸಕ್ಕೆ ಇದೇ ತಂತ್ರಾಂಶವನ್ನು ಬಳಸುತ್ತಿದೆ. ನೂರಾರು ಉತ್ತರ ಪತ್ರಿಕೆಗಳನ್ನು ವಾರವಾರ ತಿದ್ದುವುದು ಒಬ್ಬ ಅಧ್ಯಾಪಕರಿಂದ ಆಗದ ಕೆಲಸವೆಂಬ ಅನುಭವ ಅಲ್ಲಿಯೂ ಇಲ್ಲಿಯೂ ಒಂದೇ.

ಕಲಿಯುವವರ ಮಟ್ಟದಿಂದಲೇ ಪಾಠ ಆರಂಭವಾದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲಿಯೇ ಬಲವಾದ ಸಾಕ್ಷ್ಯವಿದೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂಡ್ರೊ ಗಾನಿಮಿಯನ್ ದೆಹಲಿಯ ಮಾಧ್ಯಮಿಕ ಶಾಲಾ ಮಕ್ಕಳ ನಡುವೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದುದು ಕಂಡುಬಂತು. ‘ಮೈಂಡ್‌ಸ್ಪಾರ್ಕ್’ ಎಂಬ ಹೊಂದಿಕೊಳ್ಳುವ ತಂತ್ರಾಂಶವನ್ನು ಶಾಲೆಯ ಅವಧಿಯ ನಂತರ ಕೇಂದ್ರಗಳಲ್ಲಿ ಬಳಸುವ ಅವಕಾಶ ಪಡೆದ ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತದ ಅಂಕಗಳಲ್ಲಿ 0.37 ಮಾನಕ ವಿಚಲನೆಯಷ್ಟು ಮುನ್ನಡೆ ಸಾಧಿಸಿದರು. ಮಾನಕ ವಿಚಲನೆ ಎಂದರೆ ಒಂದು ಗುಂಪಿನ ಅಂಕಗಳು ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆ, ಮತ್ತು ಶಿಕ್ಷಣದ ಪ್ರಯೋಗಗಳಲ್ಲಿ ಇಷ್ಟು ಮುನ್ನಡೆ ಅಪರೂಪದ್ದು. ಆ ಕೇಂದ್ರಗಳಲ್ಲಿ ತಂತ್ರಾಂಶದ ಜೊತೆಗೆ ಸಣ್ಣ ಗುಂಪುಗಳಿಗೆ ಪಾಠ ಹೇಳುವ ಸಹಾಯಕರೂ ಇದ್ದರೆಂಬುದು ಇಲ್ಲಿ ಮರೆಯಬಾರದ ಅಂಶ.

ಆ ಅಂಶವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಒಂದು ಪ್ರಯೋಗ ತೋರಿಸಿಕೊಟ್ಟಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯ 2013ರ ಜನವರಿಯಲ್ಲಿ ‘ಯುಡಾಸಿಟಿ’ ಸಂಸ್ಥೆಯೊಡನೆ ಸೇರಿ, ಹೊಸ ವಿದ್ಯಾರ್ಥಿಗಳ ದುರ್ಬಲ ಗಣಿತವನ್ನು ಸರಿಪಡಿಸುವ ಕೋರ್ಸನ್ನು ಪೂರ್ಣವಾಗಿ ಆನ್‌ಲೈನ್ ರೂಪದಲ್ಲಿ ಕೊಟ್ಟಿತು. ಅದರಲ್ಲಿ ಮೂರನೇ ಒಂದರಷ್ಟು ವಿದ್ಯಾರ್ಥಿಗಳೂ ಉತ್ತೀರ್ಣರಾಗಲಿಲ್ಲ, ಮತ್ತು ಆರೇ ತಿಂಗಳಲ್ಲಿ ಪ್ರಯೋಗವನ್ನು ತಡೆಹಿಡಿಯಲಾಯಿತು. ಯಾರಿಗೆ ನೆರವು ಹೆಚ್ಚು ಬೇಕೋ ಅವರೇ ಒಂಟಿಯಾಗಿ ಕಲಿಯುವ ಅಭ್ಯಾಸ ಕಡಿಮೆ ಇರುವವರೂ ಆಗಿರುತ್ತಾರೆ ಎಂಬ ಸತ್ಯವನ್ನು ಅದು ಎತ್ತಿಹಿಡಿಯಿತು. ಕೋವಿಡ್ ಕಾಲದಲ್ಲಿ ಆಫ್ರಿಕಾದ ಬೋಟ್ಸ್‌ವಾನದಲ್ಲಿ ನಡೆದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ವಾರಕ್ಕೊಮ್ಮೆ ಫೋನಿನ ಸಂದೇಶವಾಗಿ ಲೆಕ್ಕ ಕಳಿಸಿದ್ದರಿಂದಷ್ಟೇ ಹೆಚ್ಚಿನ ಪ್ರಯೋಜನವಾಗಲಿಲ್ಲ, ಸಂದೇಶದ ಜೊತೆಗೆ ಶಿಕ್ಷಕರು ಕರೆಮಾಡಿ ಮಾತನಾಡಿದ ಮಕ್ಕಳಲ್ಲಿ ಮಾತ್ರ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಕರ್ನಾಟಕ ಸರ್ಕಾರ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಕೈಗೊಂಡಿರುವ ‘ಗಣಿತ ಗಣಕ’ ಕಾರ್ಯಕ್ರಮ ಇದೇ ಬಗೆಯ ಫೋನ್ ಬೋಧನೆಯನ್ನು ಆಧರಿಸಿದೆ.

ದೂರದಿಂದ ಪಾಠ ತಲುಪಿಸುವ ಯತ್ನ ಚಾಮರಾಜನಗರ ಜಿಲ್ಲೆಗೂ ಅಪರಿಚಿತವಲ್ಲ. ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೊ 2004ರ ಸೆಪ್ಟೆಂಬರ್ 20ರಂದು ಉಡಾಯಿಸಿದ ಮೇಲೆ, ಪ್ರಾಥಮಿಕ ಶಿಕ್ಷಣದಲ್ಲಿ ಅದರ ಬಳಕೆಯನ್ನು ಪರೀಕ್ಷಿಸಲು ಕರ್ನಾಟಕದಲ್ಲಿ ಆರಿಸಿದ್ದು ಇದೇ ಜಿಲ್ಲೆಯನ್ನು. ಎಂಟುನೂರಕ್ಕೂ ಹೆಚ್ಚು ಶಾಲೆಗಳು ಆ ಯೋಜನೆಯ ವ್ಯಾಪ್ತಿಯಲ್ಲಿದ್ದವು. ಉಪಗ್ರಹದ ಪ್ರಸಾರ ರಸ್ತೆಯಿಲ್ಲದ ಊರಿಗೂ ಪಾಠವನ್ನು ಒಯ್ಯಬಲ್ಲುದಾದರೂ, ಎಲ್ಲ ಶಾಲೆಗಳಿಗೂ ಒಂದೇ ಹೊತ್ತಿಗೆ ಒಂದೇ ವೇಗದಲ್ಲಿ ಹೋಗುವ ಪಾಠವು ಕೇಳುವವರಲ್ಲಿ ಯಾರಿಗೆ ಎಲ್ಲಿ ತಪ್ಪಿತೆಂಬುದನ್ನು ತಿಳಿಯಲಾರದು. ಇಂದಿನ ಆನ್‌ಲೈನ್ ಕೋರ್ಸು ಪ್ರಸಾರಕ್ಕಿಂತ ಮುಂದೆ ಹೋಗಿರುವುದು ಈ ಅಂಶದಲ್ಲಿಯೇ. ಆದುದರಿಂದ ಅದನ್ನು ಮತ್ತೆ ಕೇವಲ ಪ್ರಸಾರವಾಗಿ ಬಳಸುವುದು ಅದರ ಗುಣವನ್ನೇ ಬಿಟ್ಟುಕೊಟ್ಟಂತೆ.

ಸಾಮಗ್ರಿಯ ಕೊರತೆ ಇದೆಯೆಂದು ಹೇಳುವಂತಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ‘ಎನ್‌ಪಿಟಿಇಎಲ್’, 2017ರ ಜುಲೈನಲ್ಲಿ ಲೋಕಾರ್ಪಣೆಯಾದ ಕೇಂದ್ರದ ‘ಸ್ವಯಂ’ ವೇದಿಕೆ, ಎರಡೂ ಗಣಿತದ ಕೋರ್ಸುಗಳನ್ನು ಉಚಿತವಾಗಿ ಒದಗಿಸುತ್ತವೆ. ಸ್ವಯಂ ಕೋರ್ಸು ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಯಂ ಮೌಲ್ಯಮಾಪನ, ಚರ್ಚೆ ಎಂಬ ನಾಲ್ಕು ಅಂಗಗಳನ್ನು ಹೊಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮಗಳು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅದರ ಮೂಲಕ ಪೂರೈಸಿ ಕ್ರೆಡಿಟ್ ಪಡೆಯಲು ಅವಕಾಶ ನೀಡಿವೆ. ಆದರೆ ಈ ಕೋರ್ಸುಗಳು ಬಹುಮಟ್ಟಿಗೆ ಪದವಿ ಮಟ್ಟದಿಂದ ಆರಂಭವಾಗುತ್ತವೆ, ಸೇತುಬಂಧಕ್ಕೆ ಬೇಕಾದದ್ದು ಎಂಟರಿಂದ ಹನ್ನೆರಡನೇ ತರಗತಿಯವರೆಗಿನ ಗಣಿತ. ಅದು ಸಿಗುವುದು 2017ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಲ್ಲಿ, ಕರ್ನಾಟಕ ಪಠ್ಯಪುಸ್ತಕ ಸಂಘ ಉಚಿತವಾಗಿ ಕೊಡುವ ಪುಸ್ತಕಗಳಲ್ಲಿ, ಮತ್ತು ಕನ್ನಡದಲ್ಲಿಯೂ ಗಣಿತದ ಪಾಠಗಳಿರುವ ಖಾನ್ ಅಕಾಡೆಮಿಯಲ್ಲಿ. ಶಾಲೆಯ ಮಕ್ಕಳಿಗಾಗಿ ಸಿದ್ಧವಾದ ಈ ಪಾಠಗಳನ್ನು ಪದವಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಆಯ್ದು, ಬಿ.ಕಾಂ.ಗೆ ಯಾವುದು, ಬಿಸಿಎಗೆ ಯಾವುದು, ಬಿ.ಎಸ್ಸಿ.ಗೆ ಯಾವುದು ಎಂದು ಕ್ರಮವಾಗಿ ಜೋಡಿಸುವ ಕೆಲಸ ಬಾಕಿ ಇದೆ, ಮತ್ತು ಈ ಕೆಲಸಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಅನುಭವಿ ಅಧ್ಯಾಪಕರ ಶ್ರಮ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಇತ್ತೀಚೆಗೆ ಸ್ವತಂತ್ರ ಸಂಸ್ಥೆಯಾಗಿ ರೂಪುಗೊಂಡ ಚಾಮರಾಜನಗರ ವಿಶ್ವವಿದ್ಯಾಲಯವು ಜಿಲ್ಲೆಯ ಕಾಲೇಜುಗಳ ಗಣಿತ ಅಧ್ಯಾಪಕರನ್ನು ಸೇರಿಸಿ ಇಂತಹ ಒಂದು ಸಾಮಾನ್ಯ ಕೋರ್ಸನ್ನು ರೂಪಿಸಿದರೆ, ಪ್ರತಿ ಕಾಲೇಜೂ ಪ್ರತ್ಯೇಕವಾಗಿ ಶ್ರಮಿಸುವ ಅಗತ್ಯ ಬೀಳುವುದಿಲ್ಲ.

ಭಾಷೆಯ ಪ್ರಶ್ನೆ ಈ ಮೂರು ತಾಲ್ಲೂಕುಗಳಲ್ಲಿ ವಿಶೇಷ ಗಮನ ಬೇಡುತ್ತದೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಅದರ ಭಾಗವಾಗಿದ್ದ ಇಂದಿನ ಹನೂರು ತಾಲ್ಲೂಕಿನ ಮಾರ್ಟಳ್ಳಿ ಸುತ್ತಿನಲ್ಲಿ ತಮಿಳು, ಮಲೆ ಮಹದೇಶ್ವರ ಬೆಟ್ಟ ಮತ್ತು ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಸೋಲಿಗರ ನುಡಿ, ಒಡೆಯರಪಾಳ್ಯದ ನೆಲೆಯಲ್ಲಿ ಟಿಬೆಟನ್ ಭಾಷೆ ಮನೆಮಾತಾಗಿವೆ. ಈ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಭಾಗಲಬ್ಧ ಸಂಖ್ಯೆ, ಬಹುಪದೋಕ್ತಿ, ವರ್ಗಸಮೀಕರಣ ಎಂದು ಕಲಿತು, ಪಿಯುಸಿ ವಿಜ್ಞಾನಕ್ಕೋ ಪದವಿಗೋ ಬಂದಾಗ ಅದೇ ಕಲ್ಪನೆಗಳನ್ನು ಇಂಗ್ಲಿಷ್ ಹೆಸರುಗಳಲ್ಲಿ ಎದುರಿಸುತ್ತಾರೆ. ಲೆಕ್ಕ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಯನ್ನು ಗಣಿತದಲ್ಲಿ ದುರ್ಬಲನೆಂದು ಎಣಿಸುವುದು ಅನ್ಯಾಯ. ಆದ್ದರಿಂದ ಸೇತುಬಂಧ ಕೋರ್ಸಿನಲ್ಲಿ ವಿವರಣೆ ಕನ್ನಡದಲ್ಲಿದ್ದು, ಪ್ರತಿ ಪಾರಿಭಾಷಿಕ ಪದದ ಕನ್ನಡ ಮತ್ತು ಇಂಗ್ಲಿಷ್ ರೂಪಗಳು ಜೊತೆಜೊತೆಗೆ ಬಂದು, ಅಭ್ಯಾಸದ ಪ್ರಶ್ನೆಗಳು ಕ್ರಮೇಣ ಪರೀಕ್ಷೆಯ ಭಾಷೆಗೆ ಸಾಗಬೇಕು. ಹನ್ನೆರಡನೇ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದ ನಾಡಿನಲ್ಲಿ, ಗಣಿತವನ್ನು ಕನ್ನಡದಲ್ಲಿ ವಿವರಿಸಲಾಗದು ಎಂಬ ಮಾತಿಗೆ ಆಧಾರವಿಲ್ಲ.

ಇನ್ನು ತಲುಪುವಿಕೆಯ ಪ್ರಶ್ನೆ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆಯನ್ನೂ ಕಾಲೇಜುಗಳಿಗಾಗಿ ಡಿಜಿಟಲ್ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನೂ ಜಾರಿಗೆ ತಂದಿತು. ಆದರೂ ಸಾಧನ ಮನೆಯಲ್ಲಿ ಇರುವುದಕ್ಕೂ ವಿದ್ಯಾರ್ಥಿಯ ಕೈಗೆ ಸಿಗುವುದಕ್ಕೂ ವ್ಯತ್ಯಾಸವಿದೆ: ಅಸರ್ 2023ರ ಪ್ರಕಾರ ಗ್ರಾಮೀಣ ಯುವಜನರಲ್ಲಿ ಶೇ 90ರ ಸಮೀಪದವರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೂ, ಅದನ್ನು ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಶೇ 43.7, ಹುಡುಗಿಯರು ಶೇ 19.8. ಹನೂರಿನ ಕಾಡಂಚಿನ ಇಂಡಿಗನತ್ತ, ತುಳಸಿಕೆರೆಯಂತಹ ಊರುಗಳಲ್ಲಿ ರಸ್ತೆಯೇ ದೊಡ್ಡ ಸಮಸ್ಯೆಯಾಗಿರುವಾಗ ಇಂಟರ್ನೆಟ್ಟಿನ ಮೇಲೆ ಪೂರ್ಣ ಭರವಸೆ ಇಡಲಾಗದು. ಹೀಗಾಗಿ ಕೋರ್ಸಿನ ಕೇಂದ್ರ ವಿದ್ಯಾರ್ಥಿಯ ಮನೆಯಲ್ಲಿರದೆ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿರಬೇಕು. ‘ಕೊಲಿಬ್ರಿ’ಯಂತಹ ಉಚಿತ ತಂತ್ರಾಂಶದಿಂದ ಪಾಠ ಮತ್ತು ಅಭ್ಯಾಸಗಳನ್ನು ಕಾಲೇಜಿನ ಒಂದೇ ಕಂಪ್ಯೂಟರಿನಲ್ಲಿ ಸಂಗ್ರಹಿಸಿ, ಇಂಟರ್ನೆಟ್ ಇಲ್ಲದೆಯೂ ಸುತ್ತಲಿನ ಯಂತ್ರಗಳಿಗೆ ಹಂಚಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಬೆಳೆಸಿ ರೂಪಿಸಿರುವ ‘ಅರಿವು ಕೇಂದ್ರ’ಗಳಲ್ಲಿಯೂ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿಯೂ ಅದೇ ಸಂಗ್ರಹವನ್ನು ಇಟ್ಟರೆ, ಸಂಜೆಯ ಬಸ್ಸಿಗೆ ಬೇಗ ಹೊರಡಬೇಕಾದ ವಿದ್ಯಾರ್ಥಿನಿಗೂ ಅಭ್ಯಾಸ ತಪ್ಪುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ವೇಳೆ ಮತ್ತು ಅಧ್ಯಾಪಕ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ಪ್ರಕಟಿಸಿದ ‘ದೀಕ್ಷಾರಂಭ’ ಮಾರ್ಗಸೂಚಿಯಂತೆ ಹೊಸ ವಿದ್ಯಾರ್ಥಿಗಳಿಗೆ ಪ್ರವೇಶದ ನಂತರ ಪರಿಚಯ ಕಾರ್ಯಕ್ರಮ ನಡೆಸಬೇಕಿದೆ. ಅದರೊಳಗೆ ನೈದಾನಿಕ ಪರೀಕ್ಷೆಯನ್ನು ಸೇರಿಸಬಹುದು. ಬಳಿಕ ಮೊದಲ ಸೆಮಿಸ್ಟರಿನ ಆರಂಭದ ಆರೇಳು ವಾರ, ವಾರಕ್ಕೆ ಎರಡು ಅವಧಿಗಳನ್ನು ವೇಳಾಪಟ್ಟಿಯಲ್ಲಿಯೇ ಇದಕ್ಕೆ ಮೀಸಲಿಟ್ಟು, ಯಾರು ಯಾವ ಪಾಠದಲ್ಲಿ ನಿಂತಿದ್ದಾರೆ ಎಂಬ ವಾರದ ಪಟ್ಟಿಯನ್ನು ಅಧ್ಯಾಪಕರು ನೋಡಿ, ಒಂದೇ ಕಡೆ ಸಿಲುಕಿದವರನ್ನು ಸಣ್ಣ ಗುಂಪಾಗಿ ಕೂರಿಸಿ ಮುಖಾಮುಖಿ ಪಾಠ ಹೇಳಬೇಕು. ಅಂತಿಮ ವರ್ಷದ ವಿದ್ಯಾರ್ಥಿಗಳ ನೆರವನ್ನೂ ಪಡೆಯಬಹುದು. ಕೊನೆಯ ಸಾಫಲ್ಯ ಪರೀಕ್ಷೆಯ ಫಲಿತಾಂಶ ಅಂಕಪಟ್ಟಿಗೆ ಸೇರದೆ, ಆಂತರಿಕ ಮೌಲ್ಯಮಾಪನದಲ್ಲಿ ಭಾಗವಹಿಸುವಿಕೆಗೆ ಮಾತ್ರ ಸ್ವಲ್ಪ ಮನ್ನಣೆ ದೊರೆತರೆ, ತಪ್ಪು ಮಾಡುವ ಭಯವಿಲ್ಲದೆ ಕಲಿಯುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಸಿಗುತ್ತದೆ. ಈ ಕೆಲಸವನ್ನು ಹೊತ್ತ ಅಧ್ಯಾಪಕರಿಗೆ, ಅವರು ಅತಿಥಿ ಉಪನ್ಯಾಸಕರಾಗಿದ್ದರೂ, ಆ ಅವಧಿಗಳು ಬೋಧನಾ ಕಾರ್ಯಭಾರವಾಗಿಯೇ ಲೆಕ್ಕವಾಗಬೇಕು. ಬಿಡುವಿನ ವೇಳೆಯ ಸೇವೆಯಾಗಿ ಬಿಟ್ಟರೆ ಅದು ಎರಡನೇ ವರ್ಷ ಉಳಿಯುವುದಿಲ್ಲ.

ಗಣಿತದ ಭಯದಿಂದ ವಿಷಯ ಬದಲಾಯಿಸುವ, ಒಂದೇ ಪತ್ರಿಕೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾಗುವ, ಕೊನೆಗೆ ಪದವಿಯನ್ನೇ ಬಿಟ್ಟುಬಿಡುವ ವಿದ್ಯಾರ್ಥಿಗಳ ಬುದ್ಧಿಯಲ್ಲಿ ಕೊರತೆಯಿಲ್ಲ. ಅವರಿಗೆ ತಪ್ಪಿಹೋದ ಕೆಲವು ಪಾಠಗಳನ್ನು ಮರಳಿ ಕಲಿಯುವ ಸ್ಥಳ ಮತ್ತು ಸಮಯವನ್ನು ಸಂಸ್ಥೆಗಳು ಕೊಟ್ಟಿಲ್ಲ. ಆನ್‌ಲೈನ್ ಕೋರ್ಸಿನ ಕೊಂಡಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಲೇಜುಗಳ ಪ್ರಾಂಶುಪಾಲರು, ಚಾಮರಾಜನಗರ ವಿಶ್ವವಿದ್ಯಾಲಯ ಮತ್ತು ಕಾಲೇಜು ಶಿಕ್ಷಣ ಇಲಾಖೆ ಒಟ್ಟಾಗಿ, ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುನ್ನವೇ ಗಣಿತದ ಸೇತುಬಂಧಕ್ಕೆ ಅದರಲ್ಲಿ ಜಾಗ ಕಲ್ಪಿಸಬೇಕು.